ಬೆಟ್ಟಕ್ಕೆ ಬೆನ್ನು ಹಾಕಿದ ಸುಗಿಮಾನ್

ಮೆರಾಪಿ ಬೆಟ್ಟದ ತಪ್ಪಲಲ್ಲಿರುವ ಹಳೆಯ ಕಲ್ಲುಗುಡಿಗೆ ದಾರಿ ಗೊತ್ತೇನ್ರೀ ಎಂದು ಹಾರ್ಜೋ ಸಾಹೇಬರು ಕೇಳಿದಾಗ ಸುಗಿಮಾನ್ ಗೊತ್ತಿಲ್ಲದಿದ್ದರೂ ಹೂಂ ಎಂದು ತಲೆಯಾಡಿಸಿಬಿಟ್ಟ. ಜಾವಾದಲ್ಲಿ ಹುಟ್ಟಿದವನು ದೊಡ್ಡವರ ಮುಖಕ್ಕೆ ಇಲ್ಲ ಎನ್ನುವುದುಂಟೇ? ಅದೂ ಅಲ್ಲದೆ ಪ್ರವಾಸೋದ್ಯಮ ಕಚೇರಿಯಲ್ಲಿ ಅವನದು ಹಂಗಾಮಿ ಕೆಲಸ. ತಿಂಗಳ ಕೊನೆಗೆ ಖಾಯಂ ಆಗದಿದ್ದರೆ ಬಸುರಿ ಹೆಂಡತಿಯೊಂದಿಗೆ ಮಾವನ ಮನೆ ಸೇರಬೇಕು. ಖಾಯಂ ಮಾಡುವವರು ಇದೇ ಸಾಹೇಬರು.

ಸಾಹೇಬರನ್ನು ಕೂರಿಸಿಕೊಂಡು ಕಚೇರಿಯ ಕಾರು ಊರು ದಾಟಿತು. ರಸ್ತೆಬದಿಯಲ್ಲಿ ಸೋಯಾಕಾಳಿನ ಟೆಂಪೆ ಕರಿಯುತ್ತಿದ್ದ ಮುದುಕಿಯನ್ನು ಸುಗಿಮಾನ್ ದಾರಿ ಕೇಳಿದ. ಆಕೆ ಬಾಣಲೆಯಿಂದ ಕಣ್ಣೆತ್ತದೆ, "ನೆಟ್ಟಗೆ ಬಡಗಲಿಗೆ ಹೋಗಪ್ಪಾ" ಎಂದಳು. ಈ ಸೀಮೆಯಲ್ಲಿ ಎಡ ಬಲ ಎನ್ನುವ ಮಾತೇ ಇಲ್ಲ, ಎಲ್ಲಕ್ಕೂ ದಿಕ್ಕೇ.

ಸುಗಿಮಾನ್ ಸುತ್ತ ನೋಡಿದ. ಅವನು ಬೆಳೆದದ್ದು ಬಡಗಣ ಕಡಲ ತೀರದಲ್ಲಿ. ಅಲ್ಲಿ ಬೆಟ್ಟ ಇದ್ದ ಕಡೆ ತೆಂಕಲು, ಕಡಲು ಇದ್ದ ಕಡೆ ಬಡಗಲು. ಬೆಟ್ಟದ ತೆಂಕಣ ಮಗ್ಗುಲಿನ ಈ ಊರಲ್ಲಿ ಅದು ತಿರುವುಮುರುವು ಎಂದು ಅವನಿಗೆ ಹೊಳೆಯಲೇ ಇಲ್ಲ. ಬೆಟ್ಟಕ್ಕೆ ಬೆನ್ನು ಹಾಕಿ ಹೋಗು ಎಂದು ಡ್ರೈವರ್ ಕಾಸ್ನೋನಿಗೆ ಹೇಳಿದ.

ದಾರಿಯುದ್ದಕ್ಕೂ ಕೇಳಿದವರೆಲ್ಲ ಬಡಗಲಿಗೆ ಎಂದೇ ಹೇಳಿದರು. ಇದೇ ದಾರಿ ತಾನೇ ಎಂದು ಕೇಳಿದರೆ ಮಾತ್ರ, ಪರವೂರಿನವರ ಮನಸ್ಸು ನೋಯಿಸಬಾರದೆಂದು ಹೌದಪ್ಪಾ ಎನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಸಾಹೇಬರು ಸುಡುಬಾಣಲೆಯಾಗಿದ್ದರು. ಕೊನೆಗೆ ರಸ್ತೆ ಮುಗಿದು ಮರಳು ಬಂತು, ಎದುರಿಗೆ ಕಡಲು. ಬಡಗಲು ತಪ್ಪಿಲ್ಲವಲ್ಲ ಎಂದು ಸುಗಿಮಾನನಿಗೆ ಒಂದು ಗಳಿಗೆ ಸಮಾಧಾನವೂ ಆಯಿತು.

"ಎಲ್ರೀ ಗುಡಿ? ಮುಳುಗಿದ್ಯಾ?" ಎಂದರು ಸಾಹೇಬರು. "ನಡೀರಿ ಕಚೇರಿಗೆ. ನಿಮ್ ವಿಷಯ ಅಲ್ಲೇ ತೀರ್ಮಾನ ಮಾಡ್ತೀನಿ."

ಸುಗಿಮಾನನಿಗೆ ಹೆಂಡತಿಯ ಮುಖ ಕಣ್ಣಿಗೆ ಕಟ್ಟಿ ಅಳುವೇ ಬಂತು. ಅರ್ಧ ದಾರಿಯಲ್ಲಿ ಸಾಹೇಬರು ಗೊರಕೆ ಹೊಡೆಯತೊಡಗಿದಾಗ ಕಾಸ್ನೋನ ತೋಳು ಹಿಡಿದುಕೊಂಡ.

"ನಿನ್ ಕಾಲಿಗೆ ಬೀಳ್ತೀನಿ ಕಣೋ, ಕಚೇರಿ ಹತ್ರ ನಿಲ್ಲಿಸ್ಬೇಡ. ಅವರು ಏಳೋವರೆಗೂ ಓಡಿಸ್ತಾ ಇರು."

ಪೇಟೆಯ ಗದ್ದಲಕ್ಕೆ ಎಚ್ಚರವಾದೀತೆಂದು ಕಾಸ್ನೋ ಸಂದುಗೊಂದಿ, ಗದ್ದೆಬದು, ಕಬ್ಬಿನ ತೋಟದ ದಾರಿಗಳಲ್ಲೇ ಕಾರು ನುಗ್ಗಿಸಿದ. ಊರು ಹಿಂದೆ ಉಳಿಯಿತು. ಎಷ್ಟೋ ಹೊತ್ತಿನ ಮೇಲೆ ದಾರಿಗೆ ಕಲ್ಲುಗಳು ಅಡ್ಡ ಬಂದು ಕಾರು ನಿಂತಿತು. ಸಾಹೇಬರು ಕಣ್ಣುಜ್ಜಿಕೊಂಡು ನೋಡುತ್ತಾರೆ, ಎದುರಿಗೇ ಗುಡಿ.

ಅವರ ಮುಖ ಅರಳಿತು. ಇಳಿದು ಬಂದು ಸುಗಿಮಾನನ ಬೆನ್ನು ತಟ್ಟಿದರು.

"ಭೇಷ್ ಕಣ್ರೀ! ಮೊದ್ಲು ಕಡಲು, ಆಮೇಲೆ ಹಳ್ಳಿಗಳು, ಕೊನೇಗೆ ಗುಡಿ. ಪ್ರವಾಸಿಗರಿಗೆ ಹೇಳಿ ಮಾಡಿಸಿದ ದಾರಿ! ನನಗೆ ತಿಳೀದೇ ಬೈದ್ಬಿಟ್ಟೆ. ನಾಳೆ ಮಂತ್ರಿಗಳು ಬರ್ತಾರೆ. ಮುಂದಿನ ಕಾರಲ್ಲಿ ನೀವೇ ಕೂತು, ಇವತ್ತು ಬಂದ ದಾರೀಲೇ, ಒಂದು ತಿರುವೂ ತಪ್ಪದೆ ಕರ್ಕೊಂಡ್ಬನ್ನಿ. ಅದು ಸರಿಹೋದ್ರೆ ಖಾಯಂ ಮಾಡೋಣ."

ಅವರು ಗುಡಿಯೊಳಗೆ ಹೋಗುತ್ತಲೇ ಸುಗಿಮಾನ್ ಕಾಸ್ನೋನ ಬಳಿ ಓಡಿದ. ಯಾವ ದಾರಿಯಲ್ಲಿ ಬಂದೆವೋ ಮಾರಾಯ ಎಂದು ಕೇಳಿದ.

"ನನಗೇನು ಗೊತ್ತಣ್ಣಾ?" ಎಂದ ಕಾಸ್ನೋ. "ನಾನು ಕನ್ನಡೀಲಿ ಸಾಹೇಬ್ರ ಕಣ್ಣೇ ನೋಡ್ತಾ ಇದ್ದೆ."

ಸುಗಿಮಾನ್ ಗುಡಿಯ ಮೆಟ್ಟಿಲ ಮೇಲೆ ಕುಸಿದು ಕೂತ.