ಕೆಳಸಾಲಿನ ಆರು ಹಲ್ಲು

ಟೈಟಸನ ಭವಿಷ್ಯವೆಲ್ಲ ಗುರುಸಿದ್ದಯ್ಯನವರ ಕೆಳಸಾಲಿನ ಆರು ಹಲ್ಲುಗಳ ಹಿಂದೆ ಅಡಗಿ ಕೂತಿತ್ತು. ಅಲ್ಲಿ ನಲವತ್ತು ವರ್ಷದ ಕಿಟ್ಟ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹತ್ತಿಯ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಕಾಲದಿಂದ ಅವರು ಎಲೆ, ಅಡಿಕೆ, ಸುಣ್ಣ, ತಂಬಾಕು ಸೇರಿಸಿ ಜಗಿಯುತ್ತ ಬಂದದ್ದರ ಫಲ ಅದು. ಉಳಿದವರ ಕಣ್ಣಿಗೆ ಅದು ಬರೀ ಹೊಲಸು. ಟೈಟಸನಿಗೆ ಮಾತ್ರ ಅದನ್ನು ಕಂಡಾಗಲೆಲ್ಲ ಹೊಟ್ಟೆ ತಣ್ಣಗಾಗುತ್ತಿತ್ತು.

ಅವನು ಓದುತ್ತಿದ್ದದ್ದು ಡೆಂಟಲ್ ಹೈಜೀನ್ ಪದವಿ. ಹಲ್ಲು ಕೀಳುವುದು, ತುಂಬುವುದು ಡಾಕ್ಟರ ಕೆಲಸ. ಹಲ್ಲನ್ನು ಸ್ವಚ್ಛ ಮಾಡುವುದು, ಸ್ವಚ್ಛವಾಗಿ ಇಟ್ಟುಕೊಳ್ಳಿ ಎಂದು ಮಂದಿಗೆ ಬುದ್ಧಿ ಹೇಳುವುದು ಇವನ ಕೆಲಸ. ಕೊನೆಯ ಪ್ರಾಯೋಗಿಕ ಪರೀಕ್ಷೆಗೆ ಪೇಶಂಟನ್ನು ವಿದ್ಯಾರ್ಥಿಯೇ ಹುಡುಕಿ ಕರೆತರಬೇಕು. ಹೊರಗಿನಿಂದ ಬಂದ ಪರೀಕ್ಷಕರು ಮೊದಲು ಪೇಶಂಟಿನ ಬಾಯಿ ನೋಡುತ್ತಾರೆ. ಕಿಟ್ಟ ಸಾಕಷ್ಟಿದ್ದರೆ ಪರೀಕ್ಷೆ, ಇಲ್ಲದಿದ್ದರೆ ಮನೆಗೆ ದಾರಿ.

ಆರು ತಿಂಗಳ ಹಿಂದೆ ಅವನು ಹೀಗೆಯೇ ಮನೆಯ ದಾರಿ ಹಿಡಿದಿದ್ದ. ಅಂದು ಬರಬೇಕಾಗಿದ್ದ ಪೇಶಂಟು ಬೀಗರ ಮದುವೆಗೆ ಹೋಗಿಬಿಟ್ಟಿದ್ದ. ಜೊತೆಯವರಲ್ಲಿ ಹೆಚ್ಚಿನವರು ಪಾಸಾಗಿ ಕೆಲಸಕ್ಕೆ ಸೇರಿಕೊಂಡರು. ಈ ಸಲ ಹುಬ್ಬಳ್ಳಿಯ ಒಂದು ಆಸ್ಪತ್ರೆಯವರು, ಪಾಸಾದರೆ ಬರುವ ಒಂದನೇ ತಾರೀಖಿನಿಂದಲೇ ಬಾ ಎಂದಿದ್ದರು. ತಾಯಿ ಹನ್ನಾ ಟೀಚರ್ ಮಿಷನ್ ಶಾಲೆಯಿಂದ ನಿವೃತ್ತರಾಗಿ ಎರಡು ತಿಂಗಳಾಗಿತ್ತು. ಆ ಕೆಲಸ ತಪ್ಪಿದರೆ ಅವರ ಮುಖ ನೋಡುವುದು ಹೇಗೆ ಎಂಬ ಅಂಜಿಕೆ ಟೈಟಸನನ್ನು ಒಳಗೊಳಗೇ ಕೊರೆಯುತ್ತಿತ್ತು.

ಹಾಗಾಗಿ ಮೂರು ತಿಂಗಳ ಮೊದಲೇ ಬೆಂಗೇರಿಯ ತಮ್ಮ ಓಣಿಯಲ್ಲೇ ಮೂರು ಮನೆ ಆಚೆಗಿದ್ದ ಗುರುಸಿದ್ದಯ್ಯನವರನ್ನು ಅವನು ಹಿಡಿದಿಟ್ಟಿದ್ದ.

"ಅಜ್ಜಾರ, ಪರೀಕ್ಷಾ ಮುಗಿಯೂತನಕ ಯಾವ ಡಾಕ್ಟರ ಕಡೆನೂ ಹೋಗಬ್ಯಾಡ್ರಿ. ಬೇಕಾದ್ರ ಎಲಿ-ಅಡಕಿ ನಾನ ತಂದು ಕೊಡತೇನಿ" ಎಂದು ಕೈಮುಗಿದಿದ್ದ.

ಮಾತಿಗೆ ತಪ್ಪದೆ ಪ್ರತಿ ಶನಿವಾರ ಒಂದು ಕಟ್ಟು ಎಲೆ ಮುಟ್ಟಿಸುತ್ತಿದ್ದ. ತಂಬಾಕಿನ ಕೆಡುಕಿನ ಬಗ್ಗೆ ಭಾಷಣ ಮಾಡಿ ಕಾಲೇಜಿನಲ್ಲಿ ಬಹುಮಾನ ಪಡೆದ ಹುಡುಗ ಇವನೇ. ಮನಸ್ಸಾಕ್ಷಿ ಚುಚ್ಚಿದಾಗಲೆಲ್ಲ, ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಅದನ್ನು ಸುಮ್ಮನಿರಿಸುತ್ತಿದ್ದ. ಹನ್ನಾ ಟೀಚರೂ ಸಂಜೆಯ ಪ್ರಾರ್ಥನೆಯಲ್ಲಿ ಒಂದು ಸಾಲು ಸೇರಿಸಿಕೊಂಡಿದ್ದರು: ಕರ್ತನೇ, ಪರೀಕ್ಷೆಯ ತನಕ ಗುರುಸಿದ್ದಯ್ಯನವರ ಹಲ್ಲುಗಳನ್ನು ಇದ್ದ ಹಾಗೆಯೇ ಕಾಪಾಡು.

ಮಗನಿಗೂ ದಿನಾ ಒಂದು ಮಾತು ಹೇಳುವುದಿತ್ತು. ಊರವರ ಬಾಯಿ ನೋಡುವುದು ಆಮೇಲೆ, ಮೊದಲು ನಿಂತು ನಿನ್ನ ಹಲ್ಲು ಸರಿಯಾಗಿ ತಿಕ್ಕಿಕೋ ಅಂತ. ಅವನು ಪುಸ್ತಕ ಹಿಡಿದುಕೊಂಡೇ ನಾಲ್ಕು ಸಲ ಬ್ರಶ್ ಆಡಿಸಿ, ಚಹಾ ಸುರಿದುಕೊಂಡು ಓಡುತ್ತಿದ್ದ.

ಪರೀಕ್ಷೆ ಇದ್ದದ್ದು ಹನ್ನೊಂದಕ್ಕೆ, ಧಾರವಾಡ ರಸ್ತೆಯ ಕಾಲೇಜಿನಲ್ಲಿ. ಬೆಳಿಗ್ಗೆ ಏಳೂವರೆಗೆ ಟೈಟಸ್ ನೆನಪು ಮಾಡಲು ಹೋದಾಗ ಗುರುಸಿದ್ದಯ್ಯನವರು ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಎದುರು ಮನೆಯ ನೀಲಪ್ಪ ಇದ್ದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಓಣಿಯನ್ನು ಓಡಿಸುವ ಕೆಲಸ ವಹಿಸಿಕೊಂಡವನು ಅವನು. ಕೇಳಲಿ ಬಿಡಲಿ, ಅವನ ಸಲಹೆ ಎಲ್ಲ ಮನೆಗೂ ಹಾಲಿನಂತೆ ದಿನಾ ಮುಟ್ಟುತ್ತಿತ್ತು.

ಇವತ್ತಿನ ಸಲಹೆ ಆಗಲೇ ಮುಟ್ಟಿಯಾಗಿತ್ತು. ಕಿಟ್ಟವೆಂದರೆ ಕಲ್ಲಿನ ಗೋಡೆಗೆ ಗಾರೆ ಇದ್ದ ಹಾಗೆ, ಅದನ್ನು ಕೆರೆದು ತೆಗೆದರೆ ಹಲ್ಲು ಒಂದೊಂದಾಗಿ ಉದುರುತ್ತವೆ ಎಂದು ನೀಲಪ್ಪ ವಿವರಿಸಿದ್ದ. ಗುರುಸಿದ್ದಯ್ಯನವರು ನಾಲಿಗೆಯಿಂದ ತಮ್ಮ ಗಾರೆಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ತಮ್ಮಾ, ಇದೊಂದು ಸಲ ಬ್ಯಾರೆ ಯಾರನ್ನಾರ ಕರಕೊಂಡು ಹೋಗಪಾ" ಎಂದರು.

ಟೈಟಸನ ಬಾಯಲ್ಲಿ ಮೂರು ವರ್ಷದ ಓದು ಒಮ್ಮೆಲೇ ಉಕ್ಕಿ ಬಂತು. ಕಿಟ್ಟ ಗಾರೆಯಲ್ಲ, ಗೋಡೆಯಲ್ಲಿ ಬೇರು ಬಿಟ್ಟ ಆಲದ ಸಸಿ, ದಿನೇ ದಿನೇ ಗೋಡೆಯನ್ನು ಸೀಳುತ್ತದೆ ಎಂದ. ವಸಡು ಕೊಳೆಯುತ್ತದೆ, ಕೀವು ತುಂಬುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಅದು ಇನ್ನೂ ಏರುತ್ತದೆ, ಕಡೆಗೆ ಹೃದಯಕ್ಕೂ ಒಳ್ಳೆಯದಲ್ಲ ಎಂದ. ಪಾಠ ಮಾಡುವ ಮೇಷ್ಟರು ಕೇಳಿದ್ದರೆ ಅಲ್ಲೇ ಪಾಸು ಮಾಡುತ್ತಿದ್ದರು. ನೀಲಪ್ಪ ಕೂಡ ಮಾತು ನಿಲ್ಲಿಸಿ ಕೇಳಿದ.

ಬಾಗಿಲಲ್ಲಿ ನಿಂತಿದ್ದ ಗುರುಸಿದ್ದಯ್ಯನವರ ಹೆಂಡತಿ ಚನ್ನಬಸವ್ವನವರ ಮುಖ ಸಣ್ಣಗಾಗಿತ್ತು. ಇದನ್ನು ಎಷ್ಟು ದಿನ ಬಿಡಬಹುದು ಎಂದು ಮೆಲ್ಲಗೆ ಕೇಳಿದರು.

"ಒಂದ ದಿನಾನೂ ಬಿಡಬಾರದ್ರಿ ಅಮ್ಮಾರ. ಇವತ್ತಂದ್ರ ಇವತ್ತ ತೆಗಸಬೇಕು" ಎಂದ ಟೈಟಸ್.

ಗುರುಸಿದ್ದಯ್ಯನವರು ಆಗಲೆಂದು ತಲೆಯಾಡಿಸಿ ಎದ್ದು ಸ್ನಾನಕ್ಕೆ ಹೊರಟರು. ಲಿಂಗಪೂಜೆಗೆ ಕೂತರೆ ಮುಗಿಯುವ ತನಕ ಅವರನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಒಂಬತ್ತೂ ಮುಕ್ಕಾಲಿಗೆ ನವಾಜನ ಆಟೋ ತರುತ್ತೇನೆ, ಸಿದ್ಧವಾಗಿರಿ ಎಂದು ಹೇಳಿ ಟೈಟಸ್ ಮನೆಗೆ ಬಂದ. ಬಿಳಿ ಕೋಟಿಗೆ ಇಸ್ತ್ರಿ ಹಾಕಿದ, ಉಪಕರಣಗಳನ್ನು ಎಣಿಸಿ ಕಟ್ಟಿಕೊಂಡ. ಗೆದ್ದವನ ಹಾಗೆ ಎರಡು ಕಪ್ಪು ಚಹಾ ಕುಡಿದ.

ಒಂಬತ್ತೂ ಮುಕ್ಕಾಲಿಗೆ ಆಟೋ ಬಂದು ನಿಂತಾಗ ಗುರುಸಿದ್ದಯ್ಯನವರ ಮನೆಗೆ ಬೀಗ ಬಿದ್ದಿತ್ತು. ಕಟ್ಟೆಯ ಮೇಲೆ ನೀಲಪ್ಪ ಒಬ್ಬನೇ ಕೂತಿದ್ದ. ಗಂಡ ಹೆಂಡತಿ ಇಬ್ಬರೂ ಗೋಪನಕೊಪ್ಪಕ್ಕೆ, ಚನ್ನಬಸವ್ವನವರ ಅಕ್ಕನ ಮೊಮ್ಮಗ ಶಿವಯೋಗೀಶ ಹೊಸದಾಗಿ ತೆರೆದ ಹಲ್ಲಿನ ದವಾಖಾನೆಗೆ ಹೋಗಿದ್ದಾರೆ ಎಂದು ಅವನು ತಿಳಿಸಿದ. ಪೂಜೆ ಮುಗಿದದ್ದೇ ತಡ, ಅಜ್ಜಿ ಅವರಿಗೆ ನಾಷ್ಟಾ ಮಾಡಲೂ ಬಿಡಲಿಲ್ಲವಂತೆ.

ನವಾಜ ಏನೂ ಕೇಳದೆ ಆಟೋ ತಿರುಗಿಸಿದ. ಗೋಪನಕೊಪ್ಪ ದೂರವೇನಲ್ಲ, ಆದರೆ ಟೈಟಸನಿಗೆ ಆವತ್ತು ಪ್ರತಿ ರೋಡ್ ಹಂಪೂ ಒಂದೊಂದು ಗುಡ್ಡದಂತೆ ಕಂಡಿತು.

ದವಾಖಾನೆಯೊಳಗೆ ಹೋದಾಗ ಗುರುಸಿದ್ದಯ್ಯನವರು ಕುರ್ಚಿಯಲ್ಲಿ ಒರಗಿ ಕೈಗನ್ನಡಿಯಲ್ಲಿ ತಮ್ಮ ಹಲ್ಲನ್ನು ತಾವೇ ನೋಡಿ ನಗುತ್ತಿದ್ದರು. ನಲವತ್ತು ವರ್ಷದ ಆಸ್ತಿ ಪಕ್ಕದ ಟ್ರೇಯಲ್ಲಿ ಚೂರು ಚೂರಾಗಿ ಬಿದ್ದಿತ್ತು. ಟೈಟಸನಿಗೆ ಅಳು ಬಂತು. ನುಂಗಿಕೊಂಡು, ಏನಾದರೂ ಉಳಿದಿದೆಯೇ ಎಂದು ಡಾಕ್ಟರನ್ನು ಕೇಳಿದ. ಶಿವಯೋಗೀಶ ತನ್ನ ಕೆಲಸದ ಪರೀಕ್ಷೆ ನಡೆದಿದೆ ಅಂದುಕೊಂಡು, ಒಂದು ಚೂರೂ ಬಿಟ್ಟಿಲ್ಲ, ಬೇಕಾದರೆ ನೋಡು ಎಂದು ಹೆಮ್ಮೆಯಿಂದ ದೀಪ ಹಚ್ಚಿ ತೋರಿಸಿದ. ನಿಜವಾಗಿಯೂ ಒಂದು ಚೂರೂ ಬಿಟ್ಟಿರಲಿಲ್ಲ.

"ಅಮ್ಮಾರ, ನಾ ಬರತೇನಂತ ಹೇಳಿದ್ನೆಲ್ರಿ" ಎಂದ ಟೈಟಸ್.

ಚನ್ನಬಸವ್ವನವರು ಅವನ ಬೆನ್ನ ಮೇಲೆ ಕೈಯಿಟ್ಟರು.

"ಸಿಟ್ಟಾಗಬ್ಯಾಡ ತಮ್ಮಾ. ಹಲ್ಲು ತೊಳಿಯೂದು ಅಂತ ತಿಳದಾಗ ನಿನ್ನ ಕಡೆ ಕೊಡಾಕ ಒಪ್ಪಿದ್ವಿ. ಇಷ್ಟು ದೊಡ್ಡ ರೋಗ ಅಂತ ನೀನ ಹೇಳಿದಿ. ಅಂಥಾದ್ದನ್ನ ಇನ್ನೂ ಕಲಿಯಾಕತ್ತ ಹುಡುಗನ ಕೈಯಾಗ ಹೆಂಗ ಕೊಡೂದು, ನೀನ ಹೇಳು."

ಟೈಟಸ್ ಬೆಳಿಗ್ಗೆಯೇ ಎಲ್ಲ ಹೇಳಿ ಮುಗಿಸಿದ್ದ.

ಹನ್ನೊಂದಕ್ಕೆ ಇನ್ನು ಮುಕ್ಕಾಲು ತಾಸಿತ್ತು. ಆಟೋ ಹತ್ತಿ ಕೂತವನ ಕಣ್ಣು ಮೊದಲು ನವಾಜನ ಬಾಯಿಯ ಮೇಲೆ ಬಿತ್ತು. ಸ್ವಲ್ಪ ಬಾಯಿ ತೆರೆ ಎಂದು ಬೇಡಿಕೊಂಡ. ನವಾಜ ತೆರೆದ. ಅಪ್ಪ ಅಜ್ಜನ ಕಾಲದಿಂದ ಮಿಸ್ವಾಕ್ ಕಡ್ಡಿಯಲ್ಲಿ ಹಲ್ಲುಜ್ಜುವ ಮನೆತನ ಅವನದು. ಹಲ್ಲು ಕವಡೆಯ ಹಾಗೆ ಬೆಳ್ಳಗಿದ್ದವು. ಇಷ್ಟು ಚಂದದ ಹಲ್ಲು ಕಂಡು ಇಷ್ಟು ನೊಂದುಕೊಂಡ ಮನುಷ್ಯನನ್ನು ನವಾಜ ನೋಡಿರಲಿಲ್ಲ.

ಮತ್ತೆ ಓಣಿಗೆ ಬಂದರು. ಸಂಗತಿ ತಿಳಿದ ನೀಲಪ್ಪ, ತನ್ನ ಮಾತಿನಿಂದಲೇ ಇದೆಲ್ಲ ಆಯಿತೆಂದು ಮರುಗಿ, ನಾನೇ ಬರುತ್ತೇನೆ ನಡಿ, ನನ್ನ ಹಲ್ಲಿಗೆ ಹತ್ತು ವರ್ಷದಿಂದ ಯಾವ ಡಾಕ್ಟರನೂ ಕೈ ಹಚ್ಚಿಲ್ಲ ಎಂದು ಆಟೋ ಹತ್ತಿದ. ಟೈಟಸನಿಗೆ ಹೋದ ಜೀವ ಬಂದಂತಾಯಿತು. ಉಣಕಲ್ ಕೆರೆಯ ತನಕ ನೀಲಪ್ಪನ ಕೈ ಹಿಡಿದುಕೊಂಡೇ ಕೂತಿದ್ದ.

ಕೆರೆ ದಾಟುವಾಗ ನೀಲಪ್ಪ ಬಾಯಿಗೆ ಕೈ ಹಾಕಿ, ಮೇಲಿನ ಸಾಲು ಕೆಳಗಿನ ಸಾಲು ಎರಡನ್ನೂ ತೆಗೆದು ಅಂಗೈಯಲ್ಲಿಟ್ಟು ಚಾಚಿದ.

"ಇಲ್ಲೇ ತಿಕ್ಕತಿಯೋ, ಅಲ್ಲಿ ಹೋಗಿ ತಿಕ್ಕತಿಯೋ?" ಎಂದ. ಹಲ್ಲಿಲ್ಲದ ಬಾಯಿಂದ ಮಾತು ಗಾಳಿಯಾಗಿ ಬಂತು.

ಟೈಟಸ್ ಆ ಹಲ್ಲಿನ ಸೆಟ್ಟನ್ನು ನೋಡಿದ. ಕಿಟ್ಟ ತೆಗೆಸಿದ್ದರಿಂದ ಇವನ ಹಲ್ಲು ಬಿದ್ದವೇನೋ, ಅದಕ್ಕೇ ಪಾಪ ಬೆಳಿಗ್ಗೆ ಹಾಗೆ ಹೇಳಿರಬೇಕು ಅನ್ನಿಸಿತು. ಕೇಳಿಯೇಬಿಟ್ಟ. ನೀಲಪ್ಪ ಸೆಟ್ಟನ್ನು ಮತ್ತೆ ಕೂರಿಸಿಕೊಂಡು ಸಮಾಧಾನದಿಂದ ಉತ್ತರಿಸಿದ.

"ಇಲ್ಲಪಾ. ತೆಗಸಲಾರದ್ದಕ್ಕ ಬಿದ್ದಾವು."

ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಟೈಟಸನ ಪಾಲಿಗೆ ಅದು ಅಕ್ಷರಶಃ ನಿಜವಾಗಿತ್ತು. ತೊಡೆಯ ಮೇಲೆ ಉಪಕರಣದ ಗಂಟು ಇತ್ತು, ಪಕ್ಕದಲ್ಲಿ ನೀಲಪ್ಪ ಇದ್ದ. ರಸ್ತೆಯ ನಡುವೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸುಗಳು ಸಾಲಾಗಿ ಹೋಗುತ್ತಿದ್ದವು. ಅವುಗಳ ಕಿಟಕಿಗಳಲ್ಲಿ ಕೂತ ಮಂದಿಯ ಬಾಯಲ್ಲಿ ಎಷ್ಟೆಷ್ಟು ಕಿಟ್ಟ ವ್ಯರ್ಥವಾಗಿ ಹೋಗುತ್ತಿದೆಯೋ ಎಂದು ಅವನ ಹೊಟ್ಟೆ ಉರಿಯಿತು.

ಕಾಲೇಜಿನ ವರಾಂಡದಲ್ಲಿ ಅವನ ಹಾಗೆಯೇ ಎರಡನೇ ಸಲ ಪರೀಕ್ಷೆಗೆ ಕಟ್ಟಿದ್ದ ಶಾಂಭವಿ ಗೋಡೆಗೆ ಒರಗಿ ನಿಂತಿದ್ದಳು. ಅವಳ ಪೇಶಂಟು ಹುಲಗಪ್ಪನ ಬಾಯಲ್ಲಿ ಕಿಟ್ಟ ಬೇಕಾದಷ್ಟಿತ್ತು. ಆದರೆ ಬಿ.ಪಿ. ವಿಪರೀತ ಏರಿದೆ, ಈತನನ್ನು ಮುಟ್ಟಬೇಡಿ ಎಂದು ಪರೀಕ್ಷಕಿ ವಾಪಸು ಕಳಿಸಿದ್ದರು. ಈ ಸಲ ಪಾಸಾಗದಿದ್ದರೆ ಅಪ್ಪ ಇನ್ನು ಓದಿಸುವುದಿಲ್ಲ ಅಂದಿದ್ದಾರೆ ಎಂದು ಹೇಳಿ ಶಾಂಭವಿ ಮುಖ ತಿರುಗಿಸಿಕೊಂಡಳು.

ಆಗ ಟೈಟಸನಿಗೆ ಒಂದು ಉಪಾಯ ಹೊಳೆಯಿತು. ದಿನವೆಲ್ಲ ಕೆಟ್ಟಿದ್ದ ತಲೆ ಈಗ ನೆಟ್ಟಗಾಯಿತೆಂದು ತನಗೆ ತಾನೇ ಶಭಾಶ್ ಅಂದುಕೊಂಡು ನೇರವಾಗಿ ಪರೀಕ್ಷಕಿಯ ಮುಂದೆ ಹೋಗಿ ನಿಂತ.

"ಮೇಡಂ, ಪೇಶಂಟ್ ಹೊರಗಿನವರ ಇರಬೇಕಂತ ನಿಯಮದಾಗ ಇಲ್ರಿ. ಶಾಂಭವೀ ಹಲ್ಲು ನಾ ಸ್ವಚ್ಛ ಮಾಡತೇನಿ, ನಂದು ಆಕಿ ಮಾಡ್ಲಿ."

ಪರೀಕ್ಷಕಿ ನಿಯಮದ ಪುಸ್ತಕ ತರಿಸಿ ಓದಿದರು. ಹುಡುಗ ಹೇಳಿದ್ದು ಸರಿಯಾಗಿತ್ತು. ಕನ್ನಡಕ ಏರಿಸಿಕೊಂಡು ಮೊದಲು ಶಾಂಭವಿಯನ್ನು ಕೂರಿಸಿ ನೋಡಿದರು. ಅವಳು ಓದಿದ್ದನ್ನೆಲ್ಲ ಮೊದಲು ತನ್ನ ಬಾಯಿಗೇ ಮಾಡಿಕೊಳ್ಳುವ ಹುಡುಗಿ. ಎಲ್ಲಿ ಹುಡುಕಿದರೂ ಕಿಟ್ಟದ ಒಂದು ಕಣ ಸಿಗಲಿಲ್ಲ.

ಆಮೇಲೆ ಟೈಟಸನ ಸರದಿ. ಪರೀಕ್ಷಕಿ ಪುಟ್ಟ ಕನ್ನಡಿಯನ್ನು ಅವನ ಬಾಯೊಳಗೆ ಇಳಿಸಿದರು. ಕೆಳಸಾಲಿನ ಆರು ಹಲ್ಲುಗಳ ಹಿಂದೆ ಕನ್ನಡಿ ನಿಂತಿತು. ಹಿಂದೆ ಹೋಯಿತು, ಮುಂದೆ ಬಂತು, ಮತ್ತೆ ಅಲ್ಲೇ ನಿಂತಿತು. ಅವರು ಕಾಲೇಜಿನ ಮೇಷ್ಟರನ್ನು ಕರೆದು ತೋರಿಸಿದರು. ಮೇಷ್ಟರು ತಮ್ಮ ವಿದ್ಯಾರ್ಥಿಯ ಬಾಯಿ ನೋಡಿ ನೆಲ ನೋಡಿದರು.

"ಬಾಳ ಛಲೋ ಪೇಶಂಟ್" ಎಂದು ಪರೀಕ್ಷಕಿ ಶಾಂಭವಿಯ ಹಾಳೆಯಲ್ಲಿ ಸಹಿ ಹಾಕಿದರು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಮಜ್ಜಿಗೆಯಲ್ಲಿ ಬಿದ್ದಂತೆ ಟೈಟಸ್ ಕುರ್ಚಿಗೆ ಬಿದ್ದ. ಬಾಯಲ್ಲಿ ನೀರು ಹೀರುವ ಕೊಳವೆ ಸಿಕ್ಕಿಸಿದ್ದರಿಂದ ಏನನ್ನೂ ಹೇಳುವಂತಿರಲಿಲ್ಲ. ಶಾಂಭವಿ ಮುಕ್ಕಾಲು ತಾಸು ಶ್ರದ್ಧೆಯಿಂದ ಕೆಲಸ ಮಾಡಿದಳು. ಕೊನೆಗೆ ನಿಯಮದ ಪ್ರಕಾರ ಪೇಶಂಟಿಗೆ ಬುದ್ಧಿಯನ್ನೂ ಹೇಳಿದಳು, ದಿನಾ ಎರಡು ಹೊತ್ತು ಹಲ್ಲುಜ್ಜಬೇಕು, ಚಹಾ ಕಡಿಮೆ ಮಾಡಬೇಕು ಅಂತ. ಪೇಶಂಟು ತಲೆಯಾಡಿಸಿದ. ಅವಳು ಪಾಸಾದಳು. ಟೈಟಸನ ಹಾಳೆಯಲ್ಲಿ, ಪೇಶಂಟ್ ಇಲ್ಲ, ಆರು ತಿಂಗಳ ನಂತರ ಬರತಕ್ಕದ್ದು ಎಂದು ಬರೆದರು.

ಸಂಜೆ ಓಣಿಗೆ ಬಂದಾಗ ಕಟ್ಟೆಯ ಮೇಲೆ ಗುರುಸಿದ್ದಯ್ಯನವರು ಬೆಳ್ಳಗೆ ನಗುತ್ತ ಕೂತಿದ್ದರು. ಟೈಟಸನ ಭಾಷಣವನ್ನು ಅವರು ಮಧ್ಯಾಹ್ನದಿಂದ ಮನೆ ಮನೆಗೂ ಹೇಳಿ ಬಂದಿದ್ದರು. ಬರುವ ಭಾನುವಾರ ಇಡೀ ಓಣಿಯೇ ಶಿವಯೋಗೀಶನ ಕಡೆ ಹಲ್ಲು ಸ್ವಚ್ಛ ಮಾಡಿಸಿಕೊಳ್ಳಲು ಹೊರಡುವುದಿತ್ತು. ಮುಂದಿನ ಪರೀಕ್ಷೆಗೆ ಬೆಂಗೇರಿಯಲ್ಲಿ ಒಂದು ಹೊಲಸು ಹಲ್ಲೂ ಸಿಗುವ ಆಸೆ ಇರಲಿಲ್ಲ. ಅಜ್ಜ ಶನಿವಾರದ ಎಲೆಯ ಕಟ್ಟನ್ನು ಅವನ ಕೈಗೆ ವಾಪಸು ಕೊಟ್ಟರು. ನಿನ್ನ ಮಾತು ಕೇಳಿದ ಮೇಲೆ ತಂಬಾಕು, ಎಲೆ ಎರಡನ್ನೂ ಬಿಟ್ಟೆ, ನಿನಗೆ ಪುಣ್ಯ ಬರಲಿ ಎಂದರು. ಅವರ ಕಣ್ಣು ತುಂಬಿದ್ದು ಕಂಡು ಟೈಟಸನಿಗೆ ಇಡೀ ದಿನದಲ್ಲಿ ಮೊದಲ ಸಲ ಸ್ವಲ್ಪ ಸಮಾಧಾನವಾಯಿತು, ನಾಚಿಕೆಯೂ ಆಯಿತು.

ಮನೆಯಲ್ಲಿ ಹನ್ನಾ ಟೀಚರ್ ಬಾಗಿಲಲ್ಲೇ ಕಾಯುತ್ತಿದ್ದರು. ಪಾಸಾಯಿತೇ ಎಂದು ಕೇಳಿದರು.

"ಹಲ್ಲು ಪಾಸಾದ್ವು ಅವ್ವಾ. ನಾ ಆಗಲಿಲ್ಲ."

ಎಲ್ಲ ಕೇಳಿದ ಮೇಲೆ ಆಕೆ ಬಯ್ಯಲಿಲ್ಲ. ಬಯ್ಯುವುದನ್ನು ಮೂರು ತಿಂಗಳು ದಿನಾ ಬೆಳಿಗ್ಗೆ ಬಯ್ದಾಗಿತ್ತು. ಚಹಾ ಮಾಡಲು ಒಳಗೆ ಹೋದವರು ಏನನ್ನೋ ನೆನಪಿಸಿಕೊಂಡು ಬರೀ ನೀರು ತಂದು ಕೊಟ್ಟರು.

ಅಷ್ಟರಲ್ಲಿ ಟೈಟಸನ ಮೊಬೈಲಿಗೆ ಒಂದು ಸಂದೇಶ ಬಂತು. ಮುಂದಿನ ಸಲ ಪರೀಕ್ಷೆಗೆ ಕೂರಲಿದ್ದ ಜೂನಿಯರ್ ಹುಡುಗಿ ಫೇಬಿ ಕಳಿಸಿದ್ದು. ಅವನ ಬಾಯಿಯ ಸುದ್ದಿ ಕಾಲೇಜಿನಲ್ಲೆಲ್ಲ ಹರಡಿತ್ತು.

"ಟೈಟಸಣ್ಣ, ಮುಂದಿನ ಪರೀಕ್ಷಾಕ್ಕ ನಿಮ್ಮ ಬಾಯಿ ನಂಗ ಇರಲಿ. ಅಲ್ಲೀತನಕ ಯಾವ ಡಾಕ್ಟರ ಕಡೆನೂ ಹೋಗಬ್ಯಾಡ್ರಿ. ಬೇಕಾದ್ರ ಚಹಾ ನಾನ ಕುಡಸತೇನಿ."