ಲಮಿಸೊ ಮಾಡಿದ ಕಾಫಿ

ಬೆಳಕು ಹರಿಯುವ ಹೊತ್ತಿಗೆ ಲಮಿಸೊನ ಮನೆಯಿಂದ ಟಕ್, ಟುಕುಟುಕು, ಟಕ್ ಎಂದು ಒರಳಿನ ಸದ್ದು ಕೇಳಿಸಿತು. ಸಿಡಾಮಾದ ಬೆಟ್ಟಗಳಲ್ಲಿ ಕಾಫಿ ಕುಟ್ಟುವವರು ಹೆಂಗಸರು. ಅವರ ಕೈಗೆ ಒಂದು ಲಯವಿರುತ್ತದೆ. ಇದೋ, ಕುಂಟುಕತ್ತೆ ಹಲಗೆಯ ಮೇಲೆ ನಡೆದ ಹಾಗಿತ್ತು. ಪಕ್ಕದ ಮನೆಯ ಬುಶುರೆ ಎದ್ದು ಕೂತಳು. ಗಂಡಸು ಕುಟ್ಟುತ್ತಿದ್ದಾನೆಂದರೆ ಹೆಂಡತಿ ಮನೆಯಲ್ಲಿಲ್ಲ!

ಲಮಿಸೊನ ಸಂಕಟವೇ ಬೇರೆ. ಸಾವಯವ ಕಾಫಿ ಕೊಳ್ಳುವ ಸಂಘ ಹೊಸ ನಿಯಮ ತಂದಿತ್ತು: ಮನೆಗೆಲಸದಲ್ಲಿ ಗಂಡನೂ ಪಾಲು ತೆಗೆದುಕೊಂಡರೆ ಮಾತ್ರ ಬೆಳೆಗೆ ಹೆಚ್ಚಿನ ಬೆಲೆ. ಪರೀಕ್ಷಕಿ ಬೆಳಿಗ್ಗೆಯೇ ಬರುವವಳು. ಹೆಂಡತಿ ದಾನ್ಸಿತೆ, "ನಿಮ್ಮ ಪರವಾಗಿ ನಾನು ಸುಳ್ಳು ಹೇಳಲ್ಲ. ಮಾಡಿ ತೋರಿಸಿ" ಎಂದು ನಸುಕಿಗೇ ಹಣ್ಣು ಕೀಳಲು ಹೊರಟುಬಿಟ್ಟಳು.

ಲಮಿಸೊ ಬೀಜ ಹುರಿದು ಕುಟ್ಟಿದ್ದ. ಬೀಜ ಇದ್ದಿಲಾಗಿತ್ತು, ಮನೆ ಹೊಗೆಗೂಡಾಗಿತ್ತು. ಕಣ್ಣೊರೆಸುತ್ತ ಹೊರಬಂದರೆ ಅಂಗಳದ ತುಂಬ ಜನ.

"ಅಳಬೇಡ ತಮ್ಮಾ," ಎಂದಳು ಬುಶುರೆ. ಸಾವಿನ ಮನೆಗೆ ಕಾಫಿ ಮಾಡಿ ಒಯ್ಯುವುದು ಊರ ವಾಡಿಕೆ. ಅವಳ ಕೈಯಲ್ಲಿ ಹಬೆಯಾಡುವ ಹೂಜಿಯಿತ್ತು. "ಓಡಿಹೋದ್ಳಾ, ತೀರಿಕೊಂಡ್ಳಾ?"

"ಯಾರು?"

"ಪಾಪ, ತಲೆಗೇ ಏಟು ಬಿದ್ದಿದೆ," ಎಂದನೊಬ್ಬ ಮುದುಕ.

"ಅಜ್ಜಾ, ಅವಳು ತೋಟದಲ್ಲಿದಾಳೆ! ನಾನು ಕಾಫಿ ಮಾಡ್ತಿದ್ದೆ!"

"ಹೆಂಡ್ತಿ ಬದುಕಿರುವಾಗ್ಲೇ? ಥೂ! ಸತ್ತಿದ್ರೆ ನಿನ್ನ ಮಾನವಾದ್ರೂ ಉಳೀತಿತ್ತು."

ಅಷ್ಟರಲ್ಲಿ ಪರೀಕ್ಷಕಿಯ ಜೀಪು ಬಂತು. ಬುಶುರೆಯೂ ಹೂಜಿ ಕೆಳಗಿಟ್ಟು ಎಲ್ಲರ ಜೊತೆ ಅತ್ತ ತಿರುಗಿದಳು. ಲಮಿಸೊ ಆ ಹೂಜಿಯನ್ನು ಸದ್ದಿಲ್ಲದೆ ಎತ್ತಿಕೊಂಡು ಒಳಗೋಡಿ, ಕಾಫಿಯನ್ನು ತನ್ನ ಹೂಜಿಗೆ ಬಗ್ಗಿಸಿ ತಂದು, ಬಂದವರಿಗೆಲ್ಲ ಬಟ್ಟಲಿಗೆ ಸುರಿದುಕೊಟ್ಟ.

ಪರೀಕ್ಷಕಿ ಗುಟುಕರಿಸಿ ಕಣ್ಣುಮುಚ್ಚಿದಳು. "ನೀವೇ ಮಾಡಿದ್ದಾ?"

"ಇನ್ಯಾರು?" ಎಂದ ಲಮಿಸೊ ಎದೆಯುಬ್ಬಿಸಿ.

"ಅಯ್ಯಯ್ಯೋ!" ಬುಶುರೆ ಬಟ್ಟಲು ನೆಕ್ಕಿದಳು. "ಇವನು ನನಗಿಂತ ಚೆನ್ನಾಗಿ ಮಾಡ್ತಾನಲ್ರೇ! ನಮ್ಮನೆಯೋನಿಗೂ ಸ್ವಲ್ಪ ಕಲಿಸಪ್ಪಾ."

ಪರೀಕ್ಷಕಿಯ ಮುಖ ಅರಳಿತು. "ಒಳ್ಳೆ ಮಾತು! ನಾಳೆಯಿಂದ ಊರಿನ ಗಂಡಸರಿಗೆಲ್ಲ ಇವರೇ ಕಲಿಸ್ಲಿ. ಎಲ್ಲರೂ ಕಲಿತ ದಿನ ಎಲ್ಲರಿಗೂ ಹೆಚ್ಚಿನ ಬೆಲೆ. ಇವರಿಗೂ ಅವತ್ತೇ."

ಗಂಡಸರೆಲ್ಲ ಲಮಿಸೊನನ್ನು ನುಂಗುವ ಹಾಗೆ ನೋಡಿದರು.

ಸಂಜೆ ದಾನ್ಸಿತೆ ಬುಟ್ಟಿ ಇಳಿಸಿದಳು. ಅವಳ ಮುಖದಲ್ಲಿ ಎಂದೂ ಕಾಣದ ಹೆಮ್ಮೆ. "ದಾರೀಲಿ ಎಲ್ಲರದ್ದೂ ಅದೇ ಮಾತು. ನನಗೂ ಒಂದು ಬಟ್ಟಲು ಮಾಡಿಕೊಡ್ರೀ, ಕೈಕಾಲು ಸೋತಿವೆ."

ನಿಜ ಹೇಳಿದರೆ ಬೆಲೆ ಹೋಗುತ್ತದೆ, ಈ ಮುಖವೂ ಬಾಡುತ್ತದೆ. ಸಾಯುವವರೆಗೂ ಯಾರಿಗೂ ಬಾಯಿಬಿಡಬಾರದೆಂದು ನಿಶ್ಚಯಿಸಿ, ಲಮಿಸೊ ಒಲೆ ಹೊತ್ತಿಸಿದ.