ಬಾಳೂರಿನವರ ಲ್ಯಾಪ್‌ಟಾಪು, ನಮ್ಮ ಮನೆಯ ಹೂಮಳೆ

ಕಳ್ಳಮಾಲು ಕೊಂಡವನೆಂಬ ಬಿರುದು ನನಗೆ ದೊರೆತದ್ದು ಕಳೆದ ಮಾರ್ಚಿನ ಒಂದು ಶನಿವಾರ ಬೆಳಿಗ್ಗೆ, ನಮ್ಮ ಮನೆಯ ಹಜಾರದಲ್ಲಿ, ಆರು ಮಂದಿ ಮಹಿಳೆಯರ ಸಮಕ್ಷಮದಲ್ಲಿ. ಅವರಲ್ಲಿ ಐವರು ನನ್ನ ಹೆಂಡತಿ ರೂಪಶ್ರೀಯ ಮಹಿಳಾ ಸಂಘದವರು. ಆರನೆಯವರು ನನ್ನ ಅತ್ತೆ ನಂಜಮ್ಮನವರು. ಅವರೊಬ್ಬರನ್ನೇ ಆರು ಮಂದಿ ಎಂದು ಹಿಡಿದರೂ ತಪ್ಪಿಲ್ಲ.

ನಡೆದದ್ದಿಷ್ಟು. ಹೆಂಡತಿಗೆಂದು ತಂದ ಲ್ಯಾಪ್‌ಟಾಪನ್ನು ಟೀಪಾಯಿಯ ಮೇಲಿಟ್ಟು, ಅದಕ್ಕೊಂದು ಶಾಲು ಹೊದಿಸಿ, ಪುತ್ಥಳಿ ಅನಾವರಣಕ್ಕೆ ಬಂದ ಮಂತ್ರಿಗಳಂತೆ ಎರಡೇ ಬೆರಳಿನಲ್ಲಿ ಶಾಲನ್ನು ಸರಿಸಿದೆ. ಸಂಘದವರು ಚಪ್ಪಾಳೆ ತಟ್ಟಿದರು. ಗುಂಡಿ ಒತ್ತಿದೆ. ಪರದೆ ಬೆಳಗಿತು. ದೊಡ್ಡ ಅಕ್ಷರಗಳಲ್ಲಿ ಹೀಗೆ ಮೂಡಿತು: "ಈ ಲ್ಯಾಪ್‌ಟಾಪ್ ಕಳೆದುಹೋಗಿದೆ. ಸಿಕ್ಕಿದವರು ದಯಮಾಡಿ ವಾಪಸು ಕೊಡಿ. ಜಯಪ್ರಕಾಶ್, ಬಾಳೂರು." ಕೆಳಗೆ ಫೋನ್ ನಂಬರು.

ಚಪ್ಪಾಳೆ ನಿಂತಿತು. ಕ್ಯಾಲೆಂಡರಿನ ತಾರೀಖು ನೋಡಲು ಕನ್ನಡಕ ಹುಡುಕುವ ಅತ್ತೆಯವರು ಇದನ್ನು ಮಾತ್ರ ಬರಿಗಣ್ಣಿನಲ್ಲಿ, ನಂಬರಿನ ಸಮೇತ, ಗಟ್ಟಿಯಾಗಿ ಓದಿ ಮುಗಿಸಿದರು.

"ಅಳಿಯಂದಿರು ಇದನ್ನ ಎಲ್ಲಿಂದ ಎತ್ಕೊಂಡ್ ಬಂದ್ರಂತೆ?" ಎಂದು ಮಗಳನ್ನು ಕೇಳಿದರು. (ಅತ್ತೆಯವರು ಇಪ್ಪತ್ತಾರು ವರ್ಷಗಳಿಂದ ನನ್ನೊಡನೆ ನೇರವಾಗಿ ಮಾತಾಡಿದವರಲ್ಲ. ನಾನು ಎದುರಿಗೇ ಕೂತಿದ್ದರೂ ಮಾತು ಮಗಳ ಮೂಲಕವೇ ಬರುತ್ತದೆ, ಸರ್ಕಾರಿ ಕಾಗದ ತಾಲ್ಲೂಕು ಕಚೇರಿಯ ಮೂಲಕ ಬಂದಂತೆ.)

"ಎತ್ಕೊಂಡ್ ಬಂದಿದ್ದಲ್ಲ ಅತ್ತೆ, ಕೊಂಡ್ಕೊಂಡ್ ಬಂದಿದ್ದು! ಕೊಟ್ಟಿಗೆಹಾರದಲ್ಲಿ, ಶಶಿಧರನ ಅಂಗಡೀಲಿ."

"ಅವನು ಕೊಡೆ ರಿಪೇರಿ ಮಾಡೋನಲ್ವೇನೇ?" ಇದೂ ಮಗಳಿಗೇ.

ರೂಪಶ್ರೀ ಸಂಘದವರಿಗೆ ಇನ್ನೊಂದು ಸುತ್ತು ಕಾಫಿ ತರಲು ಒಳಗೆ ಹೋದಳು. ಹೋಗುವಾಗ ಒಮ್ಮೆ ನನ್ನನ್ನು ನೋಡಿದಳು. ಆ ನೋಟವನ್ನು ವರ್ಣಿಸುವ ಶಕ್ತಿ ನನಗಿದ್ದಿದ್ದರೆ ನಾನು ಎಂಟು ಎಕರೆ ರೊಬಸ್ಟಾ ಕಾಫಿ ನಂಬಿಕೊಂಡು ಬಣಕಲ್ಲಿನ ಹತ್ತಿರ ಕೂತಿರುತ್ತಿರಲಿಲ್ಲ.

ಅವಳ ಸಿಟ್ಟಿಗೆ ಕಾರಣವಿತ್ತು. ಕಾಫಿಯ ರುಚಿ ನೋಡುವುದನ್ನೇ ಕಲಿಸುವ ಒಂದು ಕೋರ್ಸಿಗೆ ಆರು ತಿಂಗಳ ಹಿಂದೆ ಸೇರಿದ್ದಳು. ಪಾಸಾದರೆ ನಮ್ಮ ತೋಟದ ಕಾಫಿಯನ್ನು ತಾನೇ ಹುರಿದು, ಪುಡಿ ಮಾಡಿ, ಪೊಟ್ಟಣದ ಮೇಲೆ ತನ್ನ ಹೆಸರು ಹಾಕಿ ಮಾರಬೇಕೆಂಬುದು ಅವಳ ಬಹುದಿನದ ಆಸೆ. ಕೊನೆಯ ಪರೀಕ್ಷೆ ಸೋಮವಾರ ಹನ್ನೊಂದು ಗಂಟೆಗೆ, ಮನೆಯಿಂದಲೇ, ಕ್ಯಾಮೆರಾದ ಎದುರು. ಆರು ಬಟ್ಟಲು, ತಕ್ಕಡಿ, ಕೆಟಲು ಎಲ್ಲ ಜೋಡಿಸಿಟ್ಟು ಸೊರ್ರೆಂದು ಹೀರಿ ತೋರಿಸಬೇಕು. ಮೊಬೈಲು ನಡೆಯುವುದಿಲ್ಲ, ಲ್ಯಾಪ್‌ಟಾಪೇ ಆಗಬೇಕು. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. "ಹೊಸದೇ ತರೋಣ" ಎಂದು ಅವಳು ಅಂದಿದ್ದಳು. "ಲೋಕಜ್ಞಾನ ಇರೋರು ಸೆಕೆಂಡ್ ಹ್ಯಾಂಡ್ ತಗೊಳ್ತಾರೆ" ಎಂದು ನಾನು ಅಂದಿದ್ದೆ.

ಸಿಗ್ನಲ್ ಸಿಗುವ ನೀರಿನ ಟ್ಯಾಂಕು ಹತ್ತಿ ಶಶಿಧರನಿಗೆ ಫೋನ್ ಮಾಡಿ ಗುಡುಗಿದೆ.

"ಮಾಲು ಕದ್ದದ್ದಲ್ಲ ಅಣ್ಣಾ," ಎಂದ ಅವನು ನಿರುಮ್ಮಳವಾಗಿ. "ಜಯಪ್ರಕಾಶಣ್ಣನೇ ಕೈಯಾರೆ ತಂದ್ಕೊಟ್ಟಿದ್ದು. ಅವ್ರ ಅಕೌಂಟು ಅದರೊಳಗೇ ಉಳ್ಕೊಂಡಿದೆ ಅಷ್ಟೆ. ಅವ್ರು ಬಿಟ್ಕೊಟ್ರೆ ಓಪನ್ ಆಗ್ತದೆ."

"ಬಿಟ್ಕೊಡದಿದ್ರೆ?"

"ಕಾಫಿ ಲೋಟ ಇಡೋಕೆ ಒಳ್ಳೇ ಟ್ರೇ ಅಣ್ಣಾ."

ಇನ್ನು ಬಾಳೂರಿಗೆ ಫೋನ್ ಮಾಡದೆ ಗತ್ಯಂತರವಿರಲಿಲ್ಲ. ಜಯಪ್ರಕಾಶರನ್ನು ನಾನು ಬೆಳೆಗಾರರ ಸಭೆಗಳಲ್ಲಿ ದೂರದಿಂದ ನೋಡಿದ್ದೆ. ಗಂಭೀರ ಆಸಾಮಿ. ನಗುವುದನ್ನು ಮುಂದಿನ ಫಸಲಿಗೆ ಕಾದಿರಿಸಿದಂತಹ ಮುಖ.

ಇಲ್ಲಿ ನಮ್ಮ ಸೀಮೆಯ ಒಂದು ಸಂಪ್ರದಾಯವನ್ನು ಅರಿಕೆ ಮಾಡಿಕೊಳ್ಳಬೇಕು. ಬೇರೆ ಕಡೆ ಜನ "ಊಟ ಆಯ್ತಾ?" ಎಂದು ಮಾತು ಶುರು ಮಾಡುತ್ತಾರಂತೆ. ನಮ್ಮಲ್ಲಿ "ಎಷ್ಟು ಬಂತು?" ಎನ್ನುತ್ತೇವೆ. ಬಂದದ್ದು ಮಳೆ. ಪ್ರತಿ ತೋಟದ ಕಣದಲ್ಲೂ ಒಂದು ಮಳೆ ಅಳೆಯುವ ಗೇಜು ಇದೆ. ಒಂದು ಇಂಚಿಗೆ ನೂರು ಸೆಂಟ್ಸು. ಅದರಲ್ಲೂ ಮಾರ್ಚಿನ ಹೂಮಳೆ ಎಂದರೆ ಮರ್ಯಾದೆಯ ಪ್ರಶ್ನೆ. ಒಂದಿಂಚು ಸುರಿದರೆ ಗಿಡ ಬೆಳ್ಳಗೆ ಹೂ ಬಿಟ್ಟು ವರ್ಷದ ಫಸಲು ಗಟ್ಟಿ. ಕಡಿಮೆಯಾದರೆ ಎರಡು ಮೂರು ದಿನದೊಳಗೆ ಸ್ಪ್ರಿಂಕ್ಲರ್ ಹಾಕಿ ನೀರು ಕೊಡಲೇಬೇಕು, ಇಲ್ಲದಿದ್ದರೆ ಮೊಗ್ಗು ಕೈಕೊಡುತ್ತದೆ. ಇಷ್ಟೆಲ್ಲ ಗೊತ್ತಿದ್ದೂ, ಯಾರಾದರೂ ಮಳೆ ಎಷ್ಟೆಂದು ಕೇಳಿದರೆ ನನ್ನ ಬಾಯಿಂದ ಗೇಜಿನ ಲೆಕ್ಕ ಹೊರಡುವುದೇ ಇಲ್ಲ. ನಾಲಿಗೆಯ ಮೇಲೆ ಇನ್ನೊಂದು ಗೇಜಿದೆ. ಅದಕ್ಕೆ ತಳವಿಲ್ಲ.

"ಹಲೋ, ಜಯಪ್ರಕಾಶ್ ಅವ್ರಾ? ನಾನು ಬಣಕಲ್ ರಂಗನಾಥ. ನಿಮ್ಮ ಲ್ಯಾಪ್‌ಟಾಪು…"

"ಹಾಂ, ರಂಗನಾಥಣ್ಣ. ನಿನ್ನೆ ಸಂಜೆ ಎಷ್ಟು ಬಂತು?"

ನಿನ್ನೆ ಸಂಜೆ ನಮ್ಮಲ್ಲಿ ಬಂದದ್ದು ಮೂವತ್ತು ಸೆಂಟ್ಸು. ಬೆಳಿಗ್ಗೆ ರೂಪಶ್ರೀಯೇ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿದ್ದಳು. "ಸಾಲದು ಕಣ್ರೀ, ಸೋಮವಾರ ಪರೀಕ್ಷೆ ಮುಗಿದ ಕೂಡ್ಲೇ ಸ್ಪ್ರಿಂಕ್ಲರ್ ಹಾಕ್ಲೇಬೇಕು" ಎಂದೂ ಹೇಳಿದ್ದಳು.

"ಒಂದಿಂಚು ಇಪ್ಪತ್ತು!" ಎಂದೆ.

ಆಚೆ ಕಡೆ ಏನೋ ಗೊಣಗಿಕೊಂಡದ್ದು ಕೇಳಿಸಿತು.

"ಪುಣ್ಯವಂತರು. ನಮ್ಮಲ್ಲಿ ಮೂವತ್ತೇ ಸೆಂಟ್ಸು."

ಎಂಥ ಸತ್ಯವಂತ ಎಂದು ನನಗೆ ಒಳಗೊಳಗೇ ನಾಚಿಕೆಯಾಯಿತು. ಲ್ಯಾಪ್‌ಟಾಪಿನ ಪ್ರಕರಣವನ್ನು ನಿವೇದಿಸಿಕೊಂಡೆ.

"ಓ, ಅದಾ? ಒಂದು ದಿನ ಕಾಣ್ಲಿಲ್ಲ, ಕಳೆದಿದೆ ಅಂತ ಹಾಕ್ದೆ. ಆಮೇಲೆ ಕಾಫಿ ಹಣ್ಣು ಸುಲಿಯೋ ಶೆಡ್ಡಲ್ಲಿ ಗೋಣಿಚೀಲದ ಅಡೀಲಿ ಸಿಕ್ತು. ತೆಗೆಯೋದು ಹೇಗೆ ಅಂತ ಗೊತ್ತಾಗ್ಲಿಲ್ಲ, ಮಾರ್ದೆ. ಸೋಮವಾರ ಬೆಳಿಗ್ಗೆ ನಾನೇ ಬಂದು ನೋಡ್ತೀನಿ ಬಿಡಿ."

"ದೊಡ್ಡ ಉಪಕಾರ ಆಯ್ತು!"

"ಉಪಕಾರ ಎಂತದು. ಹೇಗೂ ಜೀಪ್ ತರ್ತೀನಲ್ಲ, ನಿಮ್ಮ ಸ್ಪ್ರಿಂಕ್ಲರ್ ಸೆಟ್ಟು ಒಂದು ವಾರ ಕೊಡಿ. ನಿಮಗೆ ಒಂದಿಂಚು ಇಪ್ಪತ್ತು ಬಂದಿದೆ, ಅದು ಸುಮ್ನೆ ಬಿದ್ದಿರ್ತದೆ."

ಪ್ರಿಯ ಓದುಗರೇ, ಆಗ ನಾನು ನಿಜ ಹೇಳಬಹುದಿತ್ತು. ಆದರೆ ಒಂದಿಂಚು ಇಪ್ಪತ್ತು ಎಂದವನು ಅರ್ಧ ನಿಮಿಷದಲ್ಲಿ ಮೂವತ್ತಕ್ಕಿಳಿದರೆ ಮುಂದಿನ ಸಭೆಯಲ್ಲಿ ಯಾವ ಮುಖ ಹೊತ್ತು ಕೂರುವುದು? "ಅಯ್ಯೋ, ಧಾರಾಳವಾಗಿ!" ಎಂದುಬಿಟ್ಟೆ.

ಭಾನುವಾರ ಪೂರ್ತಿ ನಾನು ಮೌನವ್ರತದಲ್ಲಿದ್ದೆ. ಪರೀಕ್ಷೆಯ ಚಿಂತೆ ಗಂಡನಿಗೂ ತಗುಲಿದೆ ಎಂದು ತಿಳಿದ ರೂಪಶ್ರೀ ನನಗೆ ಎರಡು ಅಕ್ಕಿರೊಟ್ಟಿ ಹೆಚ್ಚು ಹಾಕಿದಳು. ಅವು ಗಂಟಲಲ್ಲಿ ಇಳಿಯಲಿಲ್ಲ. (ಮೂರನೆಯದು ಮಾತ್ರ ಇಳಿಯಿತು.)

ಸೋಮವಾರ ಒಂಬತ್ತೂವರೆಗೆ ಜೀಪು ಬಂತು. ನಾನು ಓಡಿಹೋಗಿ ಅದನ್ನು ಶೆಡ್ಡಿನ ಹಿಂದಕ್ಕೆ ತಿರುಗಿಸಿದೆ.

"ಮೊದ್ಲು ಲ್ಯಾಪ್‌ಟಾಪ್ ನೋಡೋಣ," ಎಂದೆ.

"ಮೊದ್ಲು ಪೈಪು," ಎಂದರು ಜಯಪ್ರಕಾಶ್.

"ಹಾಗಾದ್ರೆ ಸದ್ದು ಮಾಡ್ಬಾರ್ದು. ಒಳಗೆ ಪರೀಕ್ಷೆಯ ತಯಾರಿ."

ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪನ್ನು ಸದ್ದಿಲ್ಲದೆ ಜೀಪಿಗೆ ತುಂಬಿದವರು ಈ ಜಿಲ್ಲೆಯಲ್ಲಿ ನಮಗಿಂತ ಮೊದಲು ಯಾರೂ ಇದ್ದಿರಲಾರರು. ನಲವತ್ತು ಪೈಪುಗಳನ್ನು, ಆಗಷ್ಟೇ ನಿದ್ದೆ ಹೋದ ನಲವತ್ತು ಕೂಸುಗಳಂತೆ, ಒಂದೊಂದಾಗಿ ಎದೆಗವಚಿಕೊಂಡು ಸಾಗಿಸಿದೆ. ನನ್ನದೇ ತೋಟದಲ್ಲಿ ನನ್ನದೇ ಪೈಪು ಕದಿಯುವ ಭಾಗ್ಯ ಎಷ್ಟು ಜನರಿಗುಂಟು?

ಹತ್ತೂವರೆಗೆ ಹಜಾರಕ್ಕೆ ಬಂದೆವು. ಜಯಪ್ರಕಾಶರು ಪಾಸ್‌ವರ್ಡ್ ಒತ್ತಿದರು. ತಪ್ಪು. ಇನ್ನೊಂದು ಒತ್ತಿದರು. ಅದೂ ತಪ್ಪು. "ನಿಮ್ಮ ಮೊಬೈಲಿಗೆ ಆರು ಅಂಕಿ ಕಳಿಸುತ್ತೇವೆ" ಎಂದಿತು ಯಂತ್ರ. ಕಳಿಸಿತೋ ಏನೋ, ನಮ್ಮ ಮನೆಯೊಳಗೆ ವೈಫೈ ಉಂಟು, ಮೊಬೈಲು ಸಿಗ್ನಲ್ ಇಲ್ಲ. ಅದು ಸಿಗುವುದು ಕಣದ ಆಚೆಯ ನೀರಿನ ಟ್ಯಾಂಕಿನ ಮೇಲೆ. ಜಯಪ್ರಕಾಶರು ಪಂಚೆ ಎತ್ತಿಕಟ್ಟಿ ಏಣಿ ಹತ್ತಿದರು. ಅವರು ಕೂಗಿದ್ದು ಹಜಾರಕ್ಕೆ ಕೇಳಿಸದು. ಹಾಗಾಗಿ ಜಗಲಿಯಲ್ಲಿ ಕೂತಿದ್ದ ಅತ್ತೆಯವರನ್ನು ಮಧ್ಯೆ ನೇಮಿಸಲಾಯಿತು.

"ನಾಲ್ಕೂ!" ಟ್ಯಾಂಕಿನಿಂದ.

"ರೂಪಾ, ನಾಲ್ಕಂತೆ ಕಣೇ. ಅಳಿಯಂದಿರಿಗೆ ಹೇಳು," ಎಂದರು ಅತ್ತೆ.

"ಅಮ್ಮಾ, ನಾನು ನೀರು ಕಾಯಿಸ್ತಿದೀನಿ, ನೀನೇ ಹೇಳು!" ಅಡುಗೆಮನೆಯಿಂದ.

"ನಾನ್ ಹೇಗೆ ಹೇಳ್ಲೇ?"

"ಕೇಳಿಸ್ತು ಅತ್ತೆ, ಒತ್ತಿದೆ! ಮುಂದಿನದು?"

"ಒತ್ತಿದ್ರಂತಾ ಕೇಳೇ, ರೂಪಾ."

ಮೂರನೆಯ ಅಂಕಿ ಸರ್ಕಾರಿ ವೇಗದಲ್ಲಿ ಬರುವಷ್ಟರಲ್ಲಿ "ಸಮಯ ಮೀರಿದೆ" ಎಂದು ಪರದೆ ಕೆಂಪಾಯಿತು. ಗಡಿಯಾರದಲ್ಲಿ ಹತ್ತು ನಲವತ್ತೆಂಟು. ರೂಪಶ್ರೀ ಕೆಟಲನ್ನು ಇಳಿಸಿ, ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಲ್ಯಾಪ್‌ಟಾಪನ್ನೇ ಎತ್ತಿಕೊಂಡು ಅಂಗಳದ ಅಂಚಿಗೆ ಹೋದಳು. ವೈಫೈ ಅಲ್ಲಿಗೂ ಎಟಕುತ್ತಿತ್ತು, ಜಯಪ್ರಕಾಶರ ದನಿಯೂ ಕೇಳಿಸುತ್ತಿತ್ತು. ಈ ಉಪಾಯ ನನಗೇಕೆ ಹೊಳೆಯಲಿಲ್ಲ ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅಂಥ ಪ್ರಶ್ನೆಗಳನ್ನು ಕೇಳುವುದು ಬಿಟ್ಟು ಬಹಳ ಕಾಲವಾಯಿತು.

ಹೊಸದಾಗಿ ಬಂದ ಆರು ಅಂಕಿ ಒತ್ತಿದಾಗ, ಹತ್ತು ಐವತ್ತಾರಕ್ಕೆ, ಬಾಳೂರಿನವರು ಪರದೆಯಿಂದ ನಿರ್ಗಮಿಸಿದರು. ಹನ್ನೊಂದಕ್ಕೆ ಸರಿಯಾಗಿ ಹಜಾರದಲ್ಲಿ, ಆರು ಬಟ್ಟಲುಗಳ ಎದುರು, ಪರೀಕ್ಷಕರ ಮುಖ ಮೂಡಿತು.

ನಾನೂ ಜಯಪ್ರಕಾಶರೂ ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತೆವು. ರೂಪಶ್ರೀ ಆರು ಬಟ್ಟಲನ್ನೂ ಹೀರಿದಳು. ಆ ಸದ್ದಿಗೆ ಅತ್ತೆಯವರು ಜಗಲಿಯಿಂದಲೇ "ಶಿವ ಶಿವಾ" ಎಂದರು. ನಾಲ್ಕನೆಯ ಬಟ್ಟಲಿನ ಕಾಫಿಗೆ ಗೋಣಿಯ ವಾಸನೆ ಹತ್ತಿದೆ ಎಂದಳು, ಪರೀಕ್ಷಕರು ತಲೆದೂಗಿದರು. ಎಲ್ಲ ಸುಸೂತ್ರವಾಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅವರು ಕೇಳಿದರು:

"ಕೊನೆಯದಾಗಿ, ನಿಮ್ಮ ತೋಟದ ಬಗ್ಗೆ ಹೇಳಿ. ಈ ಸಲ ಹೂಮಳೆ ಎಷ್ಟಾಯ್ತು?"

ನಾನು ಮೂಲೆಯಿಂದ ಎರಡೂ ಕೈ ಬೀಸಿದೆ. ಒಂದು ಬೆರಳು ತೋರಿಸಿದೆ, ಆಮೇಲೆ ಇಪ್ಪತ್ತು ತೋರಿಸಲು ಎರಡೂ ಕೈಯ ಬೆರಳುಗಳನ್ನು ಎರಡು ಸಲ ಬಿಚ್ಚಿದೆ. ಹೆಂಡತಿ ನನ್ನ ಕಡೆ ನೋಡಲಿಲ್ಲ.

"ಮೂವತ್ತು ಸೆಂಟ್ಸು ಸರ್. ಸಾಲದು. ಇವತ್ತು ಮಧ್ಯಾಹ್ನ ಸ್ಪ್ರಿಂಕ್ಲರ್ ಹಾಕ್ತಿದೀವಿ."

ಪರೀಕ್ಷಕರು ಕನ್ನಡಕ ತೆಗೆದು ನಕ್ಕರು. "ನಿಮ್ಮ ಕಡೆಯ ಹತ್ತು ಜನರನ್ನ ಕೇಳಿದೆ ಮೇಡಂ, ಒಂದಿಂಚಿಗಿಂತ ಕಡಿಮೆ ಹೇಳಿದವರು ನೀವೊಬ್ರೇ. ಇದ್ದದ್ದನ್ನ ಇದ್ದ ಹಾಗೆ ಹೇಳದವರು ರುಚಿ ನೋಡಿ ಏನು ಪ್ರಯೋಜನ? ನೀವು ಪಾಸು."

ರೂಪಶ್ರೀ ಲ್ಯಾಪ್‌ಟಾಪನ್ನು ಮುಚ್ಚಿ ಕಣ್ಣೊರೆಸಿಕೊಂಡಳು. ಆಮೇಲೆ ಮೂಗೊರೆಸಿಕೊಂಡಳು. ಆಮೇಲೆ, "ರೀ, ಪೈಪ್ ಜೋಡಿಸೋಕೆ ಶುರು ಮಾಡಿ" ಎಂದಳು.

ನಾನು ಜಯಪ್ರಕಾಶರ ಕಡೆ ನೋಡಲಿಲ್ಲ. ಅವರೇ ನನ್ನನ್ನು ನೋಡುತ್ತಿದ್ದರು.

"ಪೈಪು ಜೀಪಲ್ಲಿದೆ ಕಣಮ್ಮ," ಎಂದರು ಅವರು. "ನಿಮ್ಮಲ್ಲಿ ಒಂದಿಂಚು ಇಪ್ಪತ್ತು ಬಂತು ಅಂತ ನಿಮ್ಮನೆಯವ್ರು ಕೊಟ್ರು."

ಆಗ ಜಗಲಿಯಿಂದ ಎದ್ದುಬಂದು, ಇಪ್ಪತ್ತಾರು ವರ್ಷಗಳ ಬಳಿಕ, ಅತ್ತೆಯವರು ಮೊದಲ ಬಾರಿಗೆ ನನ್ನನ್ನು ನೇರವಾಗಿ ಮಾತಾಡಿಸಿದರು.

"ನೀವೆಂಥ ಗಂಡಸ್ರೀ?"

ರೂಪಶ್ರೀ ಮಾತ್ರ ಕೂಗಾಡಲಿಲ್ಲ. ಗೆದ್ದವರಿಗೆ ಅದರ ಅಗತ್ಯವಿರುವುದಿಲ್ಲ. "ಅಣ್ಣಾ, ನಮ್ಮದು ನಾಳೆಗೆ ಮುಗೀತದೆ. ಬುಧವಾರ ಬೆಳಿಗ್ಗೆ ಸೆಟ್ಟು ನಿಮ್ಮನೆ ಬಾಗಿಲಿಗೆ ಇವರೇ ತಂದ್ಕೊಡ್ತಾರೆ" ಎಂದು ಜಯಪ್ರಕಾಶರಿಗೆ ಹೇಳಿ, ಮಹಿಳಾ ಸಂಘಕ್ಕೆ ಸುದ್ದಿ ಮುಟ್ಟಿಸಲು ಮೊಬೈಲು ಹಿಡಿದು ಟ್ಯಾಂಕಿನ ಕಡೆ ಹೋದಳು. ಯಾವ ಸುದ್ದಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನಲವತ್ತು ಪೈಪುಗಳನ್ನು ನಾನೊಬ್ಬನೇ ಇಳಿಸಿದೆ. ಈ ಸಲ ಕೂಸುಗಳೆಲ್ಲ ಎಚ್ಚರವಾಗಿದ್ದವು. ಒಂದೊಂದೂ ಠಣ್ಣೆಂದು ಬಿದ್ದು ಊರಿಗೆಲ್ಲ ಕೇಳಿಸಿತು. ಜಯಪ್ರಕಾಶರು ಜೀಪಿನ ಬಾನೆಟ್ಟಿಗೆ ಒರಗಿ, ರೂಪಶ್ರೀ ಕೊಟ್ಟ ಕಾಫಿ ಕುಡಿಯುತ್ತ ನೋಡುತ್ತಿದ್ದರು. ಸತ್ಯವಂತರೊಬ್ಬರ ಎದುರು ತಲೆ ತಗ್ಗಿಸಿ ನಿಂತು, ಬೆವರೊರೆಸಿಕೊಂಡೆ.

"ನೀವೊಬ್ರಾದ್ರೂ ನಿಜ ಹೇಳಿದ್ರಿ ಮಾರಾಯ್ರೆ. ನಿಮ್ಮಲ್ಲೂ ಸರಿಯಾಗಿ ಮೂವತ್ತೇ ಸೆಂಟ್ಸ್ ಬಂದಿತ್ತಾ?"

ಅವರು ಲೋಟದ ತಳದ ಕಾಫಿಯನ್ನು ಕುಡಿದು, ಲೋಟವನ್ನು ನನ್ನ ಕೈಗೆ ಕೊಟ್ಟರು.

"ನಮ್ಮ ಗೇಜು ಒಡೆದು ಎರಡು ವರ್ಷ ಆಯ್ತು ಮಾರಾಯ್ರೆ. ನೀವು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಕಳೆದು ಹೇಳ್ದೆ."